ಉಣ್ಣದೆ ಕಡಲು ದಾಟಿದ ಬಾಣಂತಿ

ಬಲು ಹಿಂದೆ, ಕಡಲ ಪ್ರಾಣಿಗಳು ಮಾತಾಡುತ್ತಿದ್ದ ಕಾಲದಲ್ಲಿ, ಅಲೆಗೇರಿ ಎಂಬ ರಾಜ್ಯವಿತ್ತು. ಅಲ್ಲಿ ಪದುಮೆ ಎಂಬ ಬಲೆ ಹೆಣೆಯುವ ಹೆಣ್ಣಿದ್ದಳು. ಅವಳ ಗಂಡ ಈರಪ್ಪ ಮೀನಿಗೆಂದು ಹೋದವನು ತಿರುಗಿ ಬರಲಿಲ್ಲ.

ತೆಂಕಣದ ಬಿಸಿಗಡಲ ದ್ವೀಪದಲ್ಲಿ ಉಪ್ಪುಗಣ್ಣನೆಂಬ ಮಾಂತ್ರಿಕನಿದ್ದ. ಆ ಕಡಲಿನದು ಒಂದು ತುತ್ತು ತಿಂದರೂ ಸಾಕು, ತಿಂದವರು ಕಲ್ಲಾಗಿ ಅವನ ದಡದಲ್ಲಿ ನಿಲ್ಲುತ್ತಿದ್ದರು. ಈರಪ್ಪನೂ ಹಾಗೇ ಕಲ್ಲಾಗಿ ನಿಂತಿದ್ದ. ಒಯ್ದ ಬುತ್ತಿ ಅಲ್ಲಿ ಮರಳಾಗುತ್ತಿತ್ತು. ಅಲ್ಲಿನದೇನನ್ನೂ ತಿನ್ನದೆ ದ್ವೀಪ ಸೇರಿದವರ ಮುಂದೆ ಮಾತ್ರ ಅವನ ಮಾಟ ನಿಲ್ಲದು. ಆದರೆ ಆ ಕಡಲಲ್ಲಿ ಗಾಳಿಯಿಲ್ಲ, ಹುಟ್ಟು ಹಾಕಿದರೂ ನೀರು ಕದಲದು.

ಪದುಮೆ ದೋಣಿಗೆ ಹಗ್ಗ ಕಟ್ಟಿ ಕೂಗಿದಳು: "ನನ್ನನ್ನು ದಾಟಿಸುವವರು ಯಾರಾದರೂ ಇದ್ದೀರಾ?"

ನೀರುನಾಯಿ ಓಡಿಬಂತು. "ನಾನಿದ್ದೀನಲ್ಲ ಅಕ್ಕಾ!" ಹಗ್ಗ ಕಚ್ಚಿ ಎಳೆಯಿತು. ಮಧ್ಯಾಹ್ನಕ್ಕೇ ಹಸಿವಿಗೆ ಗಡಗಡ ನಡುಗಿತು. "ನನ್ನ ಮೈಯಲ್ಲಿ ಕೊಬ್ಬಿಲ್ಲ ಅಕ್ಕಾ. ತಿಂದದ್ದೆಲ್ಲ ಮೈ ಬಿಸಿಯಿಡುವುದಕ್ಕೇ ಸರಿಹೋಗುತ್ತದೆ."

"ನಿನ್ನನ್ನು ಕಲ್ಲು ಮಾಡಿ ನನ್ನ ಗಂಡನನ್ನು ತರಲೇ? ಬೇಡ, ನಡಿ," ಎಂದು ಪದುಮೆ ಹಿಂದಿರುಗಿದಳು.

ಆಮೇಲೆ ಡಾಲ್ಫಿನ್ ಬಂತು. ಬಾಣದಂತೆ ಹೊರಟಿತು. ಮಾರನೆಯ ದಿನ ಹಸಿವಿಗೆ ಕಣ್ಣು ಕತ್ತಲಿಟ್ಟು, ಎದುರು ಬಂದ ಮೀನಿಗೆ ಬಾಯಿ ತೆರೆಯಿತು. ಪದುಮೆ ಥಟ್ಟನೆ ಅದರ ಮೂತಿಗೆ ಬಲೆ ಬೀಸಿ ಉಳಿಸಿದಳು. "ತಪ್ಪು ತಿಳಿಯಬೇಡ ಅಕ್ಕಾ," ಎಂದಿತು ಡಾಲ್ಫಿನ್. "ಓಡುವ ಮೈಗೆ ದಿನದಿನವೂ ಊಟ ಬೇಕು." ದೋಣಿಯನ್ನು ಮತ್ತೆ ಅಲೆಗೇರಿಗೆ ಎಳೆದು ತಂದಿತು.

ಮೂರನೆಯದಾಗಿ ತಿಮಿಂಗಿಲ ಬಂತು. ಮಗ್ಗುಲಲ್ಲಿ ಎಳೆಯ ಮರಿ.

"ಬಾಣಂತಿ ಉಪವಾಸವಿರುವುದುಂಟೇ ಅವ್ವಾ?" ಪದುಮೆಗೆ ದಿಗಿಲಾಯಿತು.

ತಿಮಿಂಗಿಲ ನಕ್ಕಿತು. "ಬೇಸಿಗೆಯೆಲ್ಲ ಬಡಗಣದ ತಣ್ಣಗಡಲಲ್ಲಿ ಉಂಡಿದ್ದೀನಿ ಮಗಳೇ. ನನ್ನ ಕಣಜ ನನ್ನ ತೊಗಲಿನ ಕೆಳಗೇ ಇದೆ. ಮರಿಗೆ ಚಳಿ ತಡೆಯಲಾಗದು, ನಾನು ಹೇಗೂ ಬಿಸಿಗಡಲಿಗೆ ಹೊರಟವಳು. ದೋಣಿ ಹತ್ತು."

ದಾರಿಯಲ್ಲಿ ಮರಿ ಹಾಲು ಕುಡಿಯಿತು, ಪದುಮೆಯೂ ಕುಡಿದಳು. ಬೆಣ್ಣೆಯಷ್ಟು ಗಟ್ಟಿಯಾದ, ತಣ್ಣಗಡಲಿನ ಊಟದಿಂದ ಬಂದ ಹಾಲದು, ಮಾಟ ಅದಕ್ಕೆ ತಟ್ಟಲಿಲ್ಲ. ಉಪ್ಪುಗಣ್ಣ ಬೆಳ್ಳಿಮೀನಿನ ಹಿಂಡನ್ನೇ ತಿಮಿಂಗಿಲದ ಬಾಯಿಗೆ ಅಟ್ಟಿದ. ಬಾಯಿ ತೆರೆಯಲಿಲ್ಲ. "ಮರಿ ಸೊರಗಿದೆ, ಒಂದೇ ತುತ್ತು ತಿನ್ನು ತಾಯೀ," ಎಂದು ಸವಿದನಿಯಲ್ಲಿ ಕರೆದ. ಅದು ತಿರುಗಿ ನೋಡಲಿಲ್ಲ.

ದಿನ ಕಳೆದಂತೆ ತಿಮಿಂಗಿಲದ ಬೆನ್ನೆಲುಬು ಕಾಣತೊಡಗಿತು. ಪದುಮೆ ಅತ್ತಳು. "ಇನ್ನು ನನ್ನ ಪಾಲು ಬೇಡ ಅವ್ವಾ."

"ಕುಡಿ ಮಗಳೇ. ಹೆತ್ತವಳು ಎಲ್ಲ ಯೋಚಿಸಿಯೇ ಮನೆಯಿಂದ ಹೊರಟಿರುತ್ತಾಳೆ."

ದೋಣಿ ದ್ವೀಪಕ್ಕೆ ತಾಗಿತು. ಪದುಮೆ ಕಾಲಿಟ್ಟದ್ದೇ ತಡ, ಉಪ್ಪುಗಣ್ಣ ಚೀರುತ್ತಾ ಅಲೆಗೆ ಸಿಕ್ಕ ಉಪ್ಪಿನ ಹೆಂಟೆಯಂತೆ ಕರಗಿಹೋದ. ದಡದ ಕಲ್ಲುಗಳೆಲ್ಲ ಉಸಿರೆಳೆದವು. ಈರಪ್ಪ ಕಣ್ಣುಜ್ಜಿಕೊಂಡು ಹೆಂಡತಿಯನ್ನು ನೋಡಿ, "ಎಷ್ಟು ಬಡವಾಗಿದ್ದೀಯೇ! ಊಟ ಆಯ್ತಾ?" ಎಂದ. ಪದುಮೆ ಅಳುತ್ತಳುತ್ತಲೇ ನಕ್ಕುಬಿಟ್ಟಳು.

ತಿಮಿಂಗಿಲ ಎಲ್ಲರನ್ನೂ ಅಲೆಗೇರಿಗೆ ಮುಟ್ಟಿಸಿ, ಮರಿಯೊಡನೆ ಬಡಗಣಕ್ಕೆ ಉಣ್ಣಲು ಹೋಯಿತು. ಮಾಟ ಅಳಿದರೂ ಅದು ರೂಢಿ ಬಿಡಲಿಲ್ಲ. ಬಿಸಿಗಡಲಿಗೆ ಬಂದಾಗಲೆಲ್ಲ ಉಪವಾಸವೇ. ನೀರುನಾಯಿಗೂ ಡಾಲ್ಫಿನ್‌ಗೂ ದಿನವೂ ಊಟ ಬೇಕು. ಅವನ್ನು ಹೊಟ್ಟೆಬಾಕಗಳೆಂದು ಅಲೆಗೇರಿಯಲ್ಲಿ ಯಾರೂ ಆಡಿಕೊಳ್ಳಲಿಲ್ಲ. ಅವರವರ ಹಸಿವಿಗೆ ತಕ್ಕಷ್ಟು ಉಂಡು, ಎಲ್ಲರೂ ಹೊಟ್ಟೆ ತಣ್ಣಗೆ ಬಾಳಿದರು.