ಹನುಮಪ್ಪನ ಕೈಗುಣ

ಗುಡ್ಡದ ಆಚೆಯ ದೊಡ್ಡಿಯಲ್ಲಿ ತಾಯವ್ವ ಎರಡು ದಿನದಿಂದ ಹೆರಿಗೆ ನೋವು ತಿನ್ನುತ್ತಿದ್ದಳು. ಹಳ್ಳ ತುಂಬುವ ಮೊದಲೇ ಅವಳನ್ನು ಸವದತ್ತಿಯ ದವಾಖಾನೆಗೆ ತರಬೇಕಿತ್ತು. ೧೯೭೪ರ ಮಳೆಗಾಲದ ಆ ಮುಂಜಾನೆ ಹೊರಟವರು ಮೂವರು: ಹಳೆಯ ಕಾರಿನ ಮಾಲೀಕ ಮಲಕಾಜಪ್ಪ, ನರ್ಸ್ ಪದ್ಮವ್ವ, ದಾರಿ ತೋರಿಸಲು ತಾಯವ್ವನ ಗಂಡ ಮುದಕಪ್ಪ.

ಕಷ್ಟದ ಪ್ರಯಾಣವಿದ್ದಾಗಲೆಲ್ಲ ಕಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುವಿ ಎಂಜಿನ್ ಚಾಲೂ ಮಾಡುವವನು ಮೆಕ್ಯಾನಿಕ್ ಹನುಮಪ್ಪ. ಅವನ ಕೈಗುಣದ ಮೇಲೆ ಮಲಕಾಜಪ್ಪನಿಗೆ ಹದಿನೆಂಟು ವರ್ಷದ ನಂಬಿಕೆ. ಅಂದೂ ಅವನೇ ತಿರುವಿದ.

“ಡೈನಮೋಕ್ಕ ನೀ ತಂದಕೊಟ್ಟ ಹೊಸಾ ಬ್ರಶ್ ಹಾಕೇನಿ, ದೋಸ್ತ. ಬೇಫಿಕೀರ್ ಹೋಗಿ ಬಾ.”

ಎರೆ ಹೊಲಗಳು ಮುಗಿದು ಕೆಂಪು ಬಂಡೆಗಳ ಗುಡ್ಡ ಶುರುವಾಯಿತು. ಜಾಲಿ, ಕಳ್ಳಿಗಳ ನಡುವೆ ಬರೀ ಚಕ್ಕಡಿಯ ಜಾಡು. ಕೆಳಗೆ ದೂರದಲ್ಲಿ ಮಲಪ್ರಭೆಯ ಹೊಸ ಡ್ಯಾಮಿನ ನೀರು ಬೂದಿಬಣ್ಣಕ್ಕೆ ತಿರುಗಿತ್ತು. ಎರಡು ಕಡೆ ಇಳಿದು ಕಲ್ಲು ಸರಿಸಿದರು. ಒಂದು ಕಡೆ ಮುದಕಪ್ಪನ ಕಂಬಳಿ ಹಾಸಿ ಗಾಲಿಯನ್ನು ಕೆಸರಿನಿಂದ ಎಬ್ಬಿಸಿದರು.

ತಾಯವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮರಳುವಾಗ ಮಳೆ ಹಿಡಿಯಿತು. ಹೋಗುವಾಗ ಹತ್ತಿ ಆರುತ್ತಿದ್ದ ಚಾರ್ಜಿಂಗಿನ ಕೆಂಪು ದೀಪ ಈಗ ಆರಲೇ ಇಲ್ಲ; ಬ್ಯಾಟರಿಗೆ ಕರೆಂಟು ಹೋಗುತ್ತಿರಲಿಲ್ಲ. ವೈಪರ್ ತೆವಳಿತು. ಎಂಜಿನ್ ಕೆಮ್ಮತೊಡಗಿತು. ಹಳ್ಳದ ದಂಡೆಯಲ್ಲಿ ಮಲಕಾಜಪ್ಪ ಕಾರು ನಿಲ್ಲಿಸಿದ.

“ಯಾಕ ನಿಲ್ಲಿಸಿದ್ರಿ?” ಪದ್ಮವ್ವ ಕೇಳಿದಳು.

“ಬ್ಯಾಟರಿ ಖಾಲಿ ಆಗಾಕ ಹತ್ತೇತ್ರಿ, ಅಕ್ಕಾರ. ಅದು ಸತ್ತರ ಹ್ಯಾಂಡಲ್ ತಿರುವಿದ್ರೂ ಕಿಡಿ ಬರೂದಿಲ್ಲ. ನಡು ಹಳ್ಳದಾಗ ನಿಂತೇವಂದ್ರ ಮುಗೀತು. ಎಂಜಿನ್ ಆರಧಂಗ ಬಲಗಡಿ ಪೆಡಲ್ ಮೆಲ್ಲಗ ಒತ್ರಿ.”

ಬಾನೆಟ್ ಎತ್ತಿದ. ಬೆಲ್ಟ್ ಬಿಗಿಯಾಗಿತ್ತು. ಡೈನಮೋದ ಎರಡೂ ವೈರು ಬಿಚ್ಚಿ, ಅದರ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿ, ಅಲ್ಲಿಗೂ ಎಂಜಿನ್ನಿಗೂ ನಡುವೆ ಒಂದು ಬಲ್ಬು ತಾಗಿಸಿದ. ಡೈನಮೋ ಸರಿಯಿದ್ದರೆ ಬಲ್ಬು ಹತ್ತಬೇಕಿತ್ತು; ಮಿಣುಕಲೂ ಇಲ್ಲ. ಕೆಟ್ಟದ್ದು ಡೈನಮೋವೇ.

ಎಂಜಿನ್ ಆರಿಸಿ, ಡೈನಮೋದ ಹಿಂಬದಿಯ ತಗಡಿನ ಪಟ್ಟಿ ಸರಿಸಿ ಬಗ್ಗಿ ನೋಡಿದ. ಒಳಗೆ ತಿರುಗುವ ತಾಮ್ರಕ್ಕೆ ಒತ್ತಿಕೊಂಡು ಕರೆಂಟು ತರಬೇಕಾದ ಬ್ರಶ್ಶುಗಳು ಹೊಸವಲ್ಲ. ಸವೆದು ಮೊಂಡಾದ ಅವೇ ಹಳೆಯ ತುಂಡುಗಳು. ಸ್ಪ್ರಿಂಗಿನ ಒತ್ತು ಅವಕ್ಕೆ ಮುಟ್ಟುತ್ತಲೇ ಇರಲಿಲ್ಲ. ಹೊಸವನ್ನು ತಾನೇ ಹುಬ್ಬಳ್ಳಿಯಿಂದ ತಂದು ಹನುಮಪ್ಪನ ಅಂಗೈಯಲ್ಲಿ ಇಟ್ಟಿದ್ದನಲ್ಲ!

ತನ್ನ ಜೊತೆ ಒಂದೇ ಬುತ್ತಿ ಬಿಚ್ಚಿ ಉಂಡ ಹನುಮಪ್ಪ, ಹೆರಿಗೆಯವಳನ್ನು ತರಲು ಹೊರಟಿದ್ದು ಗೊತ್ತಿದ್ದೂ ಮುಖ ನೋಡಿ ಸುಳ್ಳು ಹೇಳಿದ್ದ.

ಒಳಗೆ ತಾಯವ್ವ ಚೀರಿದಳು.

“ಯಣ್ಣಾ, ಹಳ್ಳ ಏರಾಕ ಹತ್ತೇತಿ!” ಮುದಕಪ್ಪ ಕೂಗಿದ.

“ನಿನ್ನ ಕೈಯಾಗಿನ ಬಡಿಗಿ ಕೊಡು. ಲಗೂನ!”

ಬಡಿಗೆಯಿಂದ ಎರಡು ಚಕ್ಕೆ ಸೀಳಿ, ಬ್ರಶ್ಶಿನ ತಲೆಗೂ ಸ್ಪ್ರಿಂಗಿಗೂ ನಡುವೆ ತುರುಕಿದ. ವೈರು ಮರಳಿ ಕಟ್ಟಿದ. ಹ್ಯಾಂಡಲ್ ತಿರುವಿದ. ಇಲ್ಲ. ಮತ್ತೆ ತಿರುವಿದ. ಇಲ್ಲ. ಮೂರನೆಯ ಸಲಕ್ಕೆ ಎಂಜಿನ್ ಗುಡುಗಿತು, ಕೆಂಪು ದೀಪ ಆರಿತು.

ಹಳ್ಳದ ನೀರು ಬಾಗಿಲ ಸಂದಿಯಿಂದ ಒಳಗೆ ಬಂತು. ಕಾರು ನಿಲ್ಲಲಿಲ್ಲ.

ಮಧ್ಯಾಹ್ನ ದವಾಖಾನೆಯಲ್ಲಿ ತಾಯವ್ವ ಹೆಣ್ಣು ಹೆತ್ತಳು. ತಾಯಿ, ಮಗು ಇಬ್ಬರೂ ಪಾರಾದರು.

ಮಲಕಾಜಪ್ಪ ನೇರವಾಗಿ ಗ್ಯಾರೇಜಿಗೆ ಹೋಗಿ, ಡೈನಮೋದ ಪಟ್ಟಿ ಸರಿಸಿ ಚಕ್ಕೆಗಳನ್ನು ತೋರಿಸಿದ. ಹನುಮಪ್ಪ ತಲೆ ತಗ್ಗಿಸಿದ.

“ಲಾರಿಯಾಂವ ಗಡಬಿಡಿ ಮಾಡಿದಾ. ಹೊಸಾವ ಅವನ ಗಾಡಿಗಿ ಹಾಕಿಬಿಟ್ಟೆ. ನಿನ್ನದು ಇನ್ನೂ ನಾಕ ದಿನಾ ನಡೀತೈತಿ ಅಂದಕೊಂಡೆ...”

ಮಲಕಾಜಪ್ಪ ಬಾನೆಟ್ ಮುಚ್ಚಿದ. ಹೊರಡುವಾಗ ಹನುಮಪ್ಪ ರೂಢಿಯಂತೆ ಹ್ಯಾಂಡಲಿಗೆ ಕೈ ಚಾಚಿದ.

“ಬಿಡು. ನಾನ ತಿರುವತೇನಿ.”

ಮೊದಲ ಸಲಕ್ಕೇ ಎಂಜಿನ್ ಹಿಡಿಯಿತು.