ಎರಡನೇ ಸಾಲಿನ ನಾಲ್ಕನೇ ಹುಡುಗಿ

ಹದಿನೇಳು ವರ್ಷ ಸೇನೆಯಲ್ಲಿದ್ದು ಬಂದ ಗಂಡಸು ಒಂದು ಫ್ಲೆಕ್ಸ್ ನೋಡಿ ಬೆವರುತ್ತಾನೆ ಅಂದರೆ ಯಾರಾದರೂ ನಂಬುತ್ತಾರೆಯೇ? ಬೆವರಿದ, ಸ್ವಾಮಿ. ಜನವರಿಯ ಭಾನುವಾರ, ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಹೊಳಲ್ಕೆರೆಯ ಹೈಸ್ಕೂಲ್ ಮೈದಾನದ ಶಾಮಿಯಾನದಡಿ, ವೇದಿಕೆಯ ಮೇಲಿನ ಕುರ್ಚಿಯಲ್ಲಿ ಕೂತಿದ್ದ ನಿವೃತ್ತ ಹವಾಲ್ದಾರ್ ದುರ್ಗೇಶ್‌ನ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಕಾರ್ಯಕ್ರಮ ಇಟ್ಟುಕೊಂಡವರು ಅವನ ಜೊತೆಯಲ್ಲೇ ಎಸ್ಸೆಸ್ಸೆಲ್ಸಿ ಓದಿದವರು. ಇಪ್ಪತ್ತಮೂರು ವರ್ಷದ ಹಿಂದಿನ ಬ್ಯಾಚು. ಒಂದೇ ಶಾಮಿಯಾನದಲ್ಲಿ ಎರಡು ಕೆಲಸ: ಸೇನೆಯಿಂದ ನಿವೃತ್ತರಾಗಿ ಬಂದ ಮೂವರು ಸಹಪಾಠಿಗಳಿಗೆ ಸನ್ಮಾನ, ಇಷ್ಟು ವರ್ಷಗಳಲ್ಲಿ ತೀರಿಹೋದ ಐವರಿಗೆ ಶ್ರದ್ಧಾಂಜಲಿ. ವೇದಿಕೆಯ ಒಂದು ಕಡೆ ಸನ್ಮಾನದ ಫ್ಲೆಕ್ಸು, ಇನ್ನೊಂದು ಕಡೆ ಶ್ರದ್ಧಾಂಜಲಿಯದು. ತೀರಿಹೋದವರ ಮುಖಗಳನ್ನು ಹತ್ತನೇ ಕ್ಲಾಸಿನ ಗ್ರೂಪ್ ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಮುಖಗಳೆಲ್ಲ ಮಸುಕು ಮಸುಕು. ಕೆಳಗಿನ ಹೆಸರುಗಳನ್ನು ಸೇವಂತಿಗೆಯ ರಾಶಿ, ದೀಪದ ಮೇಜು ಮುಚ್ಚಿಬಿಟ್ಟಿದ್ದವು.

ಮೊದಲ ಮುಖ ಹನುಮಂತರಾಜುವಿನದು. ಒಂದೇ ದಿನ, ಒಂದೇ ಬಸ್ಸಿನಲ್ಲಿ ಭರ್ತಿಗೆ ಹೋಗಿದ್ದ ಗೆಳೆಯ, ಗಡಿಯಿಂದ ಪೆಟ್ಟಿಗೆಯಲ್ಲಿ ಬಂದವನು. ದುರ್ಗೇಶ್ ಮನಸ್ಸಿನಲ್ಲೇ ಅವನಿಗೊಂದು ಸೆಲ್ಯೂಟ್ ಹೊಡೆದ. ಮುಂದಿನ ಮೂವರದೂ ಗೊತ್ತಿದ್ದ ಸಾವುಗಳೇ. ಐದನೇ ಮುಖದ ಮೇಲೆ ಕಣ್ಣು ಬಿದ್ದದ್ದೇ ತಡ, ಎದೆ ಧಸಕ್ಕೆಂದಿತು.

ಎರಡು ಜಡೆ, ಕೆಂಪು ರಿಬ್ಬನ್. ಬಂದ ನಗುವನ್ನು ತುಟಿಯಲ್ಲೇ ಅದುಮಿಟ್ಟು, ಗಲ್ಲ ತಗ್ಗಿಸಿ, ಕಣ್ಣು ಮಾತ್ರ ಮೇಲೆತ್ತಿ ನೋಡುವ ಆ ನೋಟ. ಹೇಮಾವತಿ.

ಬೇರೆ ಯಾರಿಗಾದರೂ ಆ ಮಸುಕಿನಲ್ಲಿ ಗುರುತು ಸಿಗುತ್ತಿತ್ತೋ ಇಲ್ಲವೋ. ಅವನಿಗೆ ಸಿಗದೆ ಇರುತ್ತದೆಯೇ? ಹತ್ತನೇ ಕ್ಲಾಸಿನ ಇಡೀ ವರ್ಷ ಆ ಮುಖವನ್ನು ಓರೆಗಣ್ಣಲ್ಲಿ ಓದಿದವನು ಅವನು. ಗಣಿತದ ಪೀರಿಯಡ್ಡಿನಲ್ಲಿ "ಕೈವಾರ ಕೊಡೋ" ಎಂದು ಹಿಂದಕ್ಕೆ ಕೈ ಚಾಚುತ್ತಿದ್ದಳು. ತನ್ನ ಕಂಪಾಸ್ ಬಾಕ್ಸಿನಲ್ಲೇ ಒಂದು ಕೈವಾರ ಇಟ್ಟುಕೊಂಡು! ಅದು ಗೊತ್ತಿದ್ದೂ ಅವನು ಕೊಡುತ್ತಿದ್ದ. ಗೊತ್ತು ಎಂಬುದು ಅವಳಿಗೂ ಗೊತ್ತಿತ್ತು. ಅಷ್ಟೇ, ಅದಕ್ಕಿಂತ ಮುಂದೆ ಒಂದು ಮಾತೂ ಹೋಗಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮಂಜುನಾಥನ ಮೊಣಕೈ ಹಿಡಿದು, ಆ ಕೊನೆಯ ಫೋಟೊ ಕಡೆ ಗಲ್ಲ ತೋರಿಸಿ ಕೇಳಿದ, "ಆ ಹುಡುಗಿ... ಯಾವಾಗ?"

"ಎರಡು ವರ್ಷ ಆತು ಕಣೋ," ಅಂದ ಮಂಜುನಾಥ. "ಕ್ಯಾನ್ಸರ್ರು. ಗೊತ್ತಾಗೋ ಹೊತ್ಗೆ ಕೈ ಮೀರಿತ್ತಂತೆ. ಪಾಪ, ಒಳ್ಳೆ ಹುಡ್ಗಿ."

ಎರಡು ವರ್ಷ! ಅವಳಿಗೆ ಮದುವೆಯಾಯಿತು ಎಂಬ ಸುದ್ದಿ ಬಂದಾಗ ದುರ್ಗೇಶ್ ರಾಜಸ್ಥಾನದಲ್ಲಿದ್ದ. ಆಗಲಿ ಬಿಡು, ಚೆನ್ನಾಗಿರಲಿ ಎಂದುಕೊಂಡು ಸುಮ್ಮನಾಗಿದ್ದ. ಆಮೇಲೆ ಮನೆಯವರು ತೋರಿಸಿದ ಹೆಣ್ಣುಗಳಿಗೆಲ್ಲ ಒಂದೊಂದು ನೆಪ ಹೇಳಿದ. ಮೂರು ವರ್ಷದ ಹಿಂದೆ ಚಿಕ್ಕಮ್ಮ ಫೋನಿನಲ್ಲಿ ಮಾತಿಗೆ ಮಾತು ಬಂದು, ಆ ಹೇಮಾವತಿ ಗಂಡನನ್ನು ಬಿಟ್ಟು ಎಷ್ಟೋ ಕಾಲವಾಯಿತು, ಹೊಸದುರ್ಗದಲ್ಲಿ ಬಸ್ ಕಂಡಕ್ಟರ್ ಆಗಿದ್ದಾಳೆ ಎಂದಿದ್ದಳು. ಆ ರಾತ್ರಿಯೇ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನಿವೃತ್ತಿಯಾಗಲಿ, ಊರಿಗೆ ಹೋಗಿ ಎದುರಿಗೇ ಕೇಳುತ್ತೇನೆ ಅಂದುಕೊಂಡ. ಗಂಡಸಿನ ಜಂಬ ನೋಡಿ! ಮೊನ್ನೆ ರಾಮಗಿರಿಯ ಮನೆಗೆ ಬಂದು ಟ್ರಂಕ್ ಇಳಿಸಿದವನು ಈ ಭಾನುವಾರಕ್ಕಾಗಿ ಹೊಸ ಬ್ಲೇಜರ್ ಹೊಲಿಸಿದ್ದೂ ಅದಕ್ಕೇ. ಇವತ್ತು ಕೇಳಿಯೇ ಬಿಡುತ್ತೇನೆ ಎಂದು ಬಂದರೆ, ಅವಳು ಹೂವಿನ ಹಾರದ ಹಿಂದೆ ಕೂತಿದ್ದಾಳೆ.

ಲೆಕ್ಕ ಹೇಳಿಕೊಟ್ಟಿದ್ದ ಈರಬಸಪ್ಪ ಮೇಷ್ಟ್ರು ಅವನ ತಲೆಗೆ ಪೇಟ ಇಟ್ಟರು, ಶಾಲು ಹೊದಿಸಿದರು. ಚಪ್ಪಾಳೆ ಬಿತ್ತು. "ದುರ್ಗೇಶ್ ಈಗ ಎಲ್ಡು ಮಾತಾಡ್ತಾನೆ," ಎಂದು ತಿಪ್ಪೇಶ್ ಮೈಕ್ ಕೊಟ್ಟ. ಈ ತಿಪ್ಪೇಶನೇ ಕಾರ್ಯಕ್ರಮದ ಉಸ್ತುವಾರಿ. ಊರಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಫ್ಲೆಕ್ಸ್ ಮಾಡಿಸಿದ್ದೂ ಅವನೇ.

ದುರ್ಗೇಶ್ ಮೈಕ್ ಹಿಡಿದು ಹನುಮಂತರಾಜುವಿನ ಫೋಟೊ ಕಡೆ ತಿರುಗಿದ.

"ನಂಗೆ ಭಾಷಣ ಬರಲ್ಲ," ಅಂದ. "ಹನುಮಂತರಾಜು ನಾನು ಒಟ್ಟಿಗೆ ಹೋದ್ವಿ. ಅವ್ನು ಬರ್ಲಿಲ್ಲ, ನಾನು ಬಂದೆ. ಈ ಶಾಲು ನಿಜವಾಗಿ ಅವನ್ದು. ಇನ್ನೊಂದು ಮಾತು ಐತೆ. ಅದನ್ನ ಹೇಳ್ದೇ ಇಳಿದ್ರೆ ನಾನು ಬದುಕಿದ್ದೂ ದಂಡ."

ಜನ ಕುರ್ಚಿಯಲ್ಲಿ ನೆಟ್ಟಗಾದರು.

"ಆ ಕೊನೇ ಫೋಟೊದಾಗೆ ಇರೋಳು... ಹೇಮಾವತಿ. ನಾನು ಇವತ್ತು ಬಂದಿದ್ದೇ ಅವಳನ್ನ ಕೇಳಾಕೆ. ನನ್ನ ಮದುವೆ ಆಗ್ತೀಯಾ ಅಂತ. ಹತ್ತನೇ ಕ್ಲಾಸಿಂದ ಬಾಯಲ್ಲೇ ಇತ್ತು ಈ ಮಾತು. ಎಲ್ಡು ವರ್ಷ ತಡ ಆಗೋತು."

ಮಂಜುನಾಥ ಬಾಯಿ ಬಿಟ್ಟವನು ಹಾಗೇ ಇದ್ದ. ತಿಪ್ಪೇಶ್ ಓಡಿಬಂದು ಮೈಕಿಗೆ ಕೈ ಹಾಕಿದ. "ಲೇ ದುರ್ಗಾ, ಅದು ಹೇಮಾ ಅಲ್ಲಲೇ—"

"ಸುಮ್ನಿರಪ್ಪ ಒಂದ್ನಿಮಿಷ!" ದುರ್ಗೇಶ್ ಮೈಕ್ ಬಿಡಲಿಲ್ಲ. "ನಂಗೆ ಅವಳ ಮುಖ ಹೇಳ್ಕೊಡಾಕೆ ಬರ್ತೀಯಾ?"

ಶಾಲು ತೆಗೆದು ಕೈಯಲ್ಲಿ ಹಿಡಿದು, ಆ ಫೋಟೊದ ಎದುರು ಹೋಗಿ ನಿಂತ. ಹಿಂದಿನಿಂದ ಒಂದು ಹೆಣ್ಣುದನಿ ಕೇಳಿಸಿತು.

"ದುರ್ಗೇಶ, ನಾನು ಬದ್ಕಿದೀನಿ ಕಣೋ."

ತಿರುಗಿ ನೋಡಿದರೆ, ಶಾಮಿಯಾನದ ಬಾಗಿಲಲ್ಲಿ ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟ ಹೆಂಗಸು. ಕೊರಳಲ್ಲಿ ಟಿಕೆಟ್ ಮಷಿನ್, ಹೆಗಲಲ್ಲಿ ಚರ್ಮದ ಬ್ಯಾಗು, ಕಿವಿಯ ಬಳಿ ನಾಲ್ಕು ಬಿಳಿಕೂದಲು. ಗಲ್ಲ ತಗ್ಗಿಸಿ, ಕಣ್ಣು ಮೇಲೆತ್ತಿ ನೋಡುತ್ತಿದ್ದಳು. ಆದರೆ ತುಟಿಯಲ್ಲಿ ನಗು ಇರಲಿಲ್ಲ. ಅವಳ ಮುಖವೂ ಬಿಳಚಿಕೊಂಡಿತ್ತು. ಪಾಪ, ತನ್ನ ಸಾವಿನ ಸುದ್ದಿ, ತನಗೆ ಬಂದ ಮದುವೆಯ ಮಾತು ಎರಡನ್ನೂ ಒಂದೇ ಮೈಕಿನಲ್ಲಿ ಕೇಳಿದವಳು ಇನ್ನು ಹೇಗಿರಬೇಕು?

ದುರ್ಗೇಶ್ ಶಾಲನ್ನು ಎದೆಗೆ ಅವಚಿಕೊಂಡ. ಏನಾದರೂ ಹೇಳಬೇಕಲ್ಲ, ಹೇಳಿದ.

"ಬಸ್ಸು... ಬಂತಾ?"

ಇಡೀ ಶಾಮಿಯಾನ ಗೊಳ್ಳೆಂದು ನಕ್ಕಿತು. ಹೇಮಾವತಿ ನಗಲಿಲ್ಲ. ಸೀದಾ ವೇದಿಕೆಗೆ ಬಂದು ಫ್ಲೆಕ್ಸ್ ನೋಡಿದಳು. ಬಗ್ಗಿ ಸೇವಂತಿಗೆ ಸರಿಸಿದಳು. ತನ್ನ ಮುಖದ ಕೆಳಗೆ ಬರೆದಿತ್ತು: ದಿವಂಗತ ಉಷಾ.

"ಏನ್ಲಾ ತಿಪ್ಪೇಶ ಇದು?" ಅವಳು ಆ ಹೆಸರಿನ ಮೇಲೆ ಬೆರಳಿಟ್ಟಳು. "ಉಷಾ ಎಲ್ಲಿ?"

ತಿಪ್ಪೇಶ್ ಕೈಯಲ್ಲಿದ್ದ ಹೆಸರಿನ ಪಟ್ಟಿ ತೋರಿಸಿದ. "ಗುರುತೇ ಸಿಗ್ಲಿಲ್ಲ ಕಣಮ್ಮ, ಎಲ್ರಿಗೂ ಎರಡು ಜಡೆ. ಫೋಟೊದ ಕೆಳಗೆ ಹೆಸರು ಅಚ್ಚಾಗಿತ್ತಲ್ಲ, ಎರಡನೇ ಸಾಲು ಎಡದಿಂದ ನಾಲ್ಕು ಉಷಾ ಅಂತ. ಎಣಿಸಿ ಕಟ್ ಮಾಡ್ಸಿದೆ. ಫ್ಲೆಕ್ಸ್ ಬಂದಿದ್ದೂ ಈಗ ಹನ್ನೊಂದು ಗಂಟೆಗೆ."

ಮುಂದಿನ ಸಾಲಿನಿಂದ ಅನ್ನಪೂರ್ಣಮ್ಮ ಎದ್ದು ನಿಂತರು. ತೀರಿಹೋದ ಉಷಾಳ ತಾಯಿ. ಆ ಫ್ಲೆಕ್ಸ್ ಕಟ್ಟಿದಾಗಿನಿಂದ ಅದರ ಎದುರೇ ಕೂತಿದ್ದರು.

"ನಂಗೆ ಬಂದ ಕೂಡ್ಲೇ ಗೊತ್ತಾತು, ಇದು ನನ್ನ ಮಗಳಲ್ಲ ಅಂತ," ಅಂದರು ಮೆಲ್ಲಗೆ. "ನೀವೆಲ್ಲ ಇಷ್ಟು ಆಸೆಯಿಂದ ಮಾಡೀರಿ, ಹೆಂಗೆ ಹೇಳಾದು ಅಂತ ಸುಮ್ಮನಿದ್ದೆ."

ಅಯ್ಯೋ ತಾಯಿ! ತಿಪ್ಪೇಶ್ ಕೈಯಲ್ಲಿದ್ದ ಕಾಗದ ಬಿಟ್ಟು ಅವರ ಕಾಲು ಹಿಡಿಯಲು ಹೋದ. ಅನ್ನಪೂರ್ಣಮ್ಮ ತಡೆದರು.

"ನಿಂದೇನೂ ತಪ್ಪಿಲ್ಲ ಬಿಡಪ್ಪ. ಮೇಷ್ಟ್ರು ಹೆಸರು ಬರ್ಕಂಡ ಮೇಲೆ ಈ ಹೇಮಿ ನಮ್ಮ ಉಷಾನ ಎಬ್ಬಿಸಿ ಅವಳ ಜಾಗದಾಗೆ ಕುಂತ್ಲು. ಅವತ್ತು ಸಂಜೆ ಮನೆಗೆ ಬಂದು ಒಂದೇ ಸಮ ಮುಖ ಊದಿಸ್ಕಂಡಿದ್ಲು ನಮ್ಮುಡುಗಿ. ಯಾಕೆ ಜಾಗ ಬಿಟ್ಟೆ ಅಂದ್ರೆ, ಹಿಂದಿನ ಸಾಲಿನಾಗೆ ದುರ್ಗೇಶ ನಿಂತಿದ್ನಂತೆ, ಅವನ ಮುಂದೇ ಕೂರಬೇಕು ಅಂತ ಇವಳು ಹಟ ಹಿಡಿದ್ಲಂತೆ."

ಫ್ಲೆಕ್ಸ್ ನೋಡಿದಾಗ ದುರ್ಗೇಶ್‌ಗೆ ಬಂದ ಆಘಾತ ಏನೂ ಅಲ್ಲ, ಇದರ ಮುಂದೆ. ಆ ಫೋಟೊದಲ್ಲಿ ಅವಳು ತನ್ನ ಮುಂದೆಯೇ ಕೂತದ್ದು ಮೇಷ್ಟ್ರ ಕೃಪೆ ಎಂದೇ ಇಷ್ಟು ವರ್ಷ ನಂಬಿದ್ದ. ತಾನೊಬ್ಬನೇ ಬಾಯಿ ಕಟ್ಟಿಕೊಂಡು ಸುಟ್ಟುಕೊಂಡೆ ಅಂದುಕೊಂಡಿದ್ದ. ಅವಳ ಕಡೆ ನೋಡಿದ. ಹೇಮಾವತಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

"ಒಂದು ವಾರ ಐಸ್‌ಕ್ಯಾಂಡಿ ಕೊಡಿಸ್ದೆ ಅಮ್ಮಾ ಅವಳಿಗೆ, ಆ ಜಾಗಕ್ಕೆ," ಅಂದಳು ಬಿಕ್ಕುತ್ತಲೇ. "ಇವತ್ತು ನೋಡು, ಅವಳ ಹೂವನ್ನೂ ನಾನೇ ಕಸ್ಕಂಡೆ."

ಅನ್ನಪೂರ್ಣಮ್ಮ ಕೈಚೀಲದಿಂದ ಒಂದು ಹಳೆಯ ಹಾಲ್‌ಟಿಕೆಟ್ ತೆಗೆದರು. ಅದರ ಮೂಲೆಯಲ್ಲಿ ಉಗುರಿನಷ್ಟೇ ಒಂದು ಫೋಟೊ. ಈರಬಸಪ್ಪ ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಹೌದು, ಉಷಾ. ಲೆಕ್ಕದಾಗೆ ನೂರಕ್ಕೆ ತೊಂಬತ್ತೆಂಟು," ಅಂದರು. ಅವರ ಕಣ್ಣಲ್ಲೂ ನೀರು. ಹೇಮಾವತಿ ತನ್ನ ಮುಖದ ಮೇಲೆಯೇ ಆ ಹಾಲ್‌ಟಿಕೆಟ್ಟನ್ನು ಪಿನ್ನು ಚುಚ್ಚಿ ಸಿಕ್ಕಿಸಿದಳು. ಎಲ್ಲರೂ ಎದ್ದು ನಿಂತರು. ಎರಡು ನಿಮಿಷ ಮೌನ ಎಂದು ತಿಪ್ಪೇಶ್ ಹೇಳಿದ. ಅವನೇ ಗಡಿಯಾರ ನೋಡುವುದನ್ನು ಮರೆತ. ಐದು ನಿಮಿಷ ಯಾರೂ ಕದಲಲಿಲ್ಲ.

ಮೌನ ಮುಗಿದ ಮೇಲೆ ದುರ್ಗೇಶ್ ತನ್ನ ಶಾಲನ್ನು ಅನ್ನಪೂರ್ಣಮ್ಮನ ಹೆಗಲಿಗೆ ಹೊದಿಸಿದ. ಚಪ್ಪಾಳೆ ತಟ್ಟಬೇಕೋ ಬೇಡವೋ ಜನಕ್ಕೆ ತಿಳಿಯಲಿಲ್ಲ. ಅಷ್ಟರಲ್ಲಿ ಹೇಮಾವತಿ ಕಣ್ಣೊರೆಸಿಕೊಂಡು ಹೊರಗೆ ನಡೆದಾಗಿತ್ತು. ಅವನು ವೇದಿಕೆಯಿಂದ ಹಾರಿಯೇ ಇಳಿದ.

ಮೈದಾನದ ಬೇವಿನ ಮರದ ಕೆಳಗೆ ಅವಳು ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಳು.

"ಒಂದೂಕಾಲಿಗೆ ನನ್ನ ಬಸ್ಸು, ಚಿತ್ರದುರ್ಗಕ್ಕೆ," ಅಂದಳು ತಿರುಗದೆಯೇ. "ಏನ್ ಹೇಳ್ಬೇಕು, ಬೇಗ ಹೇಳ್ರಿ ಹವಾಲ್ದಾರ್ರೇ."

"ಆಗ್ಲೇ ಹೇಳಿದ್ನಲ್ಲ. ಊರಿಗೆಲ್ಲ ಕೇಳ್ಸಿತು."

"ಅದು ಸತ್ತೋಳಿಗೆ ಹೇಳಿದ್ದು. ಸತ್ತೋರ ಮುಂದೆ ಎಲ್ಲಾರೂ ಧೈರ್ಯಸ್ಥರೇ." ಸೆರಗಿನಿಂದ ಮುಖ ಒರೆಸಿಕೊಂಡು ತಿರುಗಿದಳು. "ಬದ್ಕಿರೋಳಿಗೆ ಹೇಳು, ನೋಡಾಣ."

ದುರ್ಗೇಶ್ ಪರೇಡಿಗೆ ನಿಂತವನ ಹಾಗೆ ನೆಟ್ಟಗಾದ. ಪೇಟ ಒಂದು ಕಡೆ ಜಾರಿತ್ತು. ಅವಳೇ ಕೈ ಎತ್ತಿ ಅದನ್ನು ಸರಿಮಾಡಿದಳು. ಬೆರಳು ಅವನ ಕಿವಿಗೆ ತಗುಲಿತು. ಕಿವಿ ಕೆಂಪಾಯಿತು.

"ಇನ್ನೂ ನಾಚ್ಕಂತೀಯಲ್ಲೋ," ಅಂದಳು. ಆ ಅದುಮಿಟ್ಟ ನಗು ಈಗ ತುಟಿಯ ಮೂಲೆಗೆ ಬಂದಿತ್ತು.

"ಮದುವೆ ಆಗ್ತೀಯಾ ಹೇಮಾ?"

ನಗು ಹೋಯಿತು. ಅವಳು ಬ್ಯಾಗಿನ ಪಟ್ಟಿ ಹಿಡಿದುಕೊಂಡು ನೆಲ ನೋಡಿದಳು. "ನಿಂಗೆ ನನ್ನ ಕತೆ ಗೊತ್ತಲ್ಲ? ಆರು ವರ್ಷ ಬಾಳುವೆ ಮಾಡ್ದೆ. ಬೈಗುಳ ತಿಂದೆ, ಏಟು ತಿಂದೆ. ಸಾಕಾಗಿ ಬಿಟ್ಟು ಬಂದೆ. ಹನ್ನೊಂದು ವರ್ಷ ಆತು. ಈಗ ನನ್ನ ಸಂಬಳ, ನನ್ನ ಮನೆ. ಯಾರ ಮುಂದೂ ತಲೆ ತಗ್ಗಿಸಲ್ಲ ನಾನು."

"ತಗ್ಗಿಸ್ಬೇಡ. ನಾನು ಬೇಕಾದ್ರೆ ನಿನ್ನ ಬಸ್ಸಿನಾಗೆ ನಿಂತ್ಕಂಡೇ ಬರ್ತೀನಿ, ಸೀಟು ಕೇಳಲ್ಲ."

"ತಮಾಷೆ ಅಲ್ಲ ದುರ್ಗೇಶ."

"ನಾನೂ ತಮಾಷೆ ಮಾಡ್ತಿಲ್ಲ. ಒಂದು ಗಂಟೆ ಹೊತ್ತು ನೀನು ಸತ್ತಿದ್ದೆ ನನ್ನ ಪಾಲಿಗೆ." ಅವನು ಒಂದು ಹೆಜ್ಜೆ ಮುಂದೆ ಬಂದ. "ಆ ಒಂದು ಗಂಟೆ ಇನ್ನೊಂದ್ಸಲ ನನ್ನ ಕೈಯಾಗೆ ಆಗಲ್ಲ ಕಣೇ. ಇಲ್ಲ ಅನ್ನು, ಪರವಾಗಿಲ್ಲ. ಬದುಕಿದ್ದು ಇಲ್ಲ ಅನ್ನು. ಬೇಕಾದ್ರೆ ನಿಮ್ಮ ಅಮ್ಮನ್ನ, ತಮ್ಮನ್ನ ಕೇಳಿ ಹೇಳು."

ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರನ್ ಎರಡು ಸಲ ಕೂಗಿತು. ಅವಳ ಡ್ರೈವರ್ ಜುಂಜಯ್ಯ ಕರೆಯುತ್ತಿದ್ದ. ಶಾಮಿಯಾನದ ಪರದೆ ಸರಿಸಿಕೊಂಡು ಅರ್ಧ ಬ್ಯಾಚೇ ಇವರತ್ತ ಕತ್ತು ಚಾಚಿತ್ತು. ಹೇಮಾವತಿ ಟಿಕೆಟ್ ಮಷಿನ್ ಸರಿಮಾಡಿಕೊಂಡು ನಾಲ್ಕು ಹೆಜ್ಜೆ ಹೋದಳು. ನಿಂತಳು. ತಿರುಗಿದಳು.

"ಹೋದ್ಸಲ ಎಲ್ರನ್ನೂ ಕೇಳಿದ್ರು. ಅಪ್ಪನ್ನ, ಸೋದರಮಾವನ್ನ, ಜಾತಕ ನೋಡೋರನ್ನ. ನನ್ನೊಬ್ಬಳನ್ನ ಬಿಟ್ಟು. ಈ ಸಲ ನಾನು ಯಾರ್ನೂ ಕೇಳಲ್ಲ. ಹೇಮಾವತಿನ ಮಾತ್ರ ಕೇಳ್ತೀನಿ."

"ಏನಂತಾಳೆ ಅವ್ಳು?"

"ಆಗ್ತೀನಿ ಅಂತಾಳೆ."

ಅಷ್ಟು ಹೇಳಿ, ಖಾಕಿ ಅಂಗಿಯ ತೋಳು ಮಡಿಚಿಕೊಂಡು ಬಸ್ಸಿನತ್ತ ಓಡಿದಳು. ಹವಾಲ್ದಾರ್ ದುರ್ಗೇಶ್ ಬೇವಿನ ಮರಕ್ಕೆ ಒರಗಿ, ಇಡೀ ಬ್ಯಾಚು ನೋಡುತ್ತಿದ್ದರೂ ನಾಚದೆ, ಗಟ್ಟಿಯಾಗಿ ಅತ್ತುಬಿಟ್ಟ.