ಗುರುವಾರದ ಫಿಕಾದಲ್ಲಿ ಅಪ್ಪ ಹೇಳಿದ್ದು

"ಟಿಲ್ಡಾಳ ಪಾಸ್ ಹತ್ತು ಮೀಟರ್ ಹೋಗುತ್ತೆ. ಬೇಕಾದರೆ ಟೇಪ್ ತಂದು ಅಳೆದು ನೋಡು," ಅಂದರು ಬರ್ಟಿಲ್.

"ಅದು ಹೋಗಿ ತಲುಪುವಷ್ಟರಲ್ಲಿ ನಾನೊಂದು ಕಾಫಿ ಕುಡಿದು ಬರಬಹುದು," ಅಂದರು ಗುನೆಲ್. "ಶ್ರಾವಣಿಯ ಕೈಯಲ್ಲಿ ಚೆಂಡು ನಿಲ್ಲೋದೇ ಇಲ್ಲ. ಬಂತು, ಹೋಯ್ತು."

ಶ್ರಾವಣಿ ಬೆಂಚಿನ ತುದಿಯಲ್ಲಿ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದಳು. ತುಂಬಾ ಮೆಲ್ಲಗೆ ಕೆರೆಯುತ್ತಿದ್ದಳು. ಜೋರಾಗಿ ಕೆರೆದರೆ ಮಾತು ಕೇಳಿಸುವುದಿಲ್ಲವಲ್ಲ.

ಸ್ವೀಡನ್ನಿನ ಲುಂಡ್ ಊರಿನ ಆ ರಗ್ಬಿ ಮೈದಾನದ ಪಕ್ಕ ಒಂದು ಮರದ ಮನೆಯಿತ್ತು. ಗುರುವಾರ ಪ್ರಾಕ್ಟೀಸ್ ಮುಗಿದ ಮೇಲೆ ಅಲ್ಲಿ ಫಿಕಾ. ದೊಡ್ಡವರಿಗೆ ಕಾಫಿ, ಮಕ್ಕಳಿಗೆ ಜ್ಯೂಸ್, ಎಲ್ಲರಿಗೂ ದಾಲ್ಚಿನ್ನಿ ಬನ್ನು. ಬರ್ಟಿಲ್ ಹಿಂದೆ ಪೋಸ್ಟ್‌ಮ್ಯಾನ್ ಆಗಿದ್ದವರು. ಗುನೆಲ್ ಲೈಬ್ರರಿಯಲ್ಲಿ ಕೆಲಸ ಮಾಡಿದವರು. ಟೀಮಿನಲ್ಲಿ ಅವರ ಮಕ್ಕಳೂ ಇಲ್ಲ, ಮೊಮ್ಮಕ್ಕಳೂ ಇಲ್ಲ. ರಗ್ಬಿ ಇಷ್ಟ, ಅದಕ್ಕೆ ಬರುತ್ತಾರೆ. ಮೂವತ್ತು ವರ್ಷದಿಂದ ಒಂದೇ ಬೆಂಚಿನಲ್ಲಿ ಕೂತು ಒಂದೇ ವಿಷಯಕ್ಕೆ ಜಗಳ ಆಡುತ್ತಾರೆ. ಯಾವ ಸ್ಕ್ರಮ್‌ಹಾಫ್ ಮೇಲು?

ಆ ವರ್ಷ ಫ್ರಾನ್ಸ್‌ನಲ್ಲಿ ರಗ್ಬಿ ವಿಶ್ವಕಪ್ ನಡೆದಿತ್ತು. ಇಬ್ಬರೂ ಟಿವಿ ಮುಂದೆ ಕೂತು ಒಂದೊಂದು ದೇಶದ ಸ್ಕ್ರಮ್‌ಹಾಫನ್ನೂ ತೂಗಿ ನೋಡಿದ್ದರು. ವಿಶ್ವಕಪ್ ಮುಗಿಯಿತು, ದೇಶಗಳೂ ಮುಗಿದವು. ಈಗ ಜಗಳ ಹನ್ನೊಂದು ವರ್ಷದೊಳಗಿನ ಮಕ್ಕಳ ಟೀಮಿಗೆ ಇಳಿದಿತ್ತು.

ಸ್ಕ್ರಮ್ ಅಂದರೆ ಏನು ಅಂತ ಶ್ರಾವಣಿ ಒಮ್ಮೆ ಫೋನಿನಲ್ಲಿ ದಾವಣಗೆರೆ ಅಜ್ಜಿಗೆ ಹೇಳಿದ್ದಳು. ಆ ಕಡೆ ಮೂರು ಜನ, ಈ ಕಡೆ ಮೂರು ಜನ, ಬಗ್ಗಿ ಹೆಗಲಿಗೆ ಹೆಗಲು ಕೊಟ್ಟು ತಳ್ಳುತ್ತಾರೆ ಅಜ್ಜಿ. ಹನ್ನೆರಡು ಕಾಲಿನ ಪ್ರಾಣಿ ಇದ್ದ ಹಾಗೆ. ಅದರ ಹೊಟ್ಟೆ ಕೆಳಗಿಂದ ಚೆಂಡು ಹಿಂದಕ್ಕೆ ಬರುತ್ತೆ, ಮೊಟ್ಟೆ ಇಟ್ಟ ಹಾಗೆ. ಆ ಮೊಟ್ಟೆ ಎತ್ತಿ ಪಾಸ್ ಮಾಡೋಳೇ ಸ್ಕ್ರಮ್‌ಹಾಫ್. ಅವಳ ಜರ್ಸಿ ನಂಬರ್ ಒಂಬತ್ತು.

ಮುಂದಿನ ಶನಿವಾರ ಮಾಲ್ಮೋ ಟೀಮಿನ ಜೊತೆ ಮ್ಯಾಚ್ ಇತ್ತು. ಒಂಬತ್ತು ಯಾರಿಗೆ ಅಂತ ಕೋಚ್ ಅನ್ನಿಕಾ ಇನ್ನೂ ಹೇಳಿರಲಿಲ್ಲ. ಎರಡು ವರ್ಷದಿಂದ ಶ್ರಾವಣಿ ಆ ಜರ್ಸಿಗೆ ಕಾದಿದ್ದಳು. ಟಿಲ್ಡಾ ಕೂಡ ಕಾದಿದ್ದಳು.

ಬರ್ಟಿಲ್ ಇದ್ದಕ್ಕಿದ್ದಂತೆ ಅಪ್ಪನ ಕಡೆ ತಿರುಗಿದರು. "ಗಂಗಾಧರ, ನೀನು ಹೇಳು. ಯಾರು ಮೇಲು?"

ಶ್ರಾವಣಿ ಕೆರೆಯುವುದನ್ನು ನಿಲ್ಲಿಸಿದಳು.

ಅಪ್ಪ ನಕ್ಕ. ತಲೆಯನ್ನು ಆ ಕಡೆ ಈ ಕಡೆ ಆಡಿಸಿದ. ಹೊಳೆ ದಾಟುವಾಗ ಒಂದೊಂದೇ ಕಲ್ಲಿನ ಮೇಲೆ ಕಾಲಿಡುತ್ತಾರಲ್ಲ, ಹಾಗೆ ಒಂದೊಂದೇ ಸ್ವೀಡಿಷ್ ಪದ ಹುಡುಕಿ ಇಟ್ಟ.

"ಛೆ ಛೆ, ನಮ್ಮವಳದ್ದೇನಿದೆ. ಟಿಲ್ಡಾನೇ ಚೆನ್ನಾಗಿ ಆಡ್ತಾಳೆ. ಇವಳು ಏನೋ ಓಡಾಡ್ತಾಳೆ, ಅಷ್ಟೆ. ಜೊತೆಗೆ ಸ್ಕ್ರಮ್ ಹತ್ತಿರ ಹೋಗೋಕೆ ಸ್ವಲ್ಪ ಹೆದರಿಕೆ ಬೇರೆ."

ಯಾರೂ ನಗಲಿಲ್ಲ. ಗುನೆಲ್ ಕಾಫಿ ಲೋಟ ಕೆಳಗಿಟ್ಟರು. ಸಿಂಕಿನ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಅನ್ನಿಕಾ ತಿರುಗಿ, ನಿಜವಾ ಅಂತ ಕೇಳಿದಳು. ಹೌದು ಹೌದು ಅಂದ ಅಪ್ಪ, ಇನ್ನೂ ನಗುತ್ತಲೇ.

ಆಮೇಲೆ ಅನ್ನಿಕಾ ಶ್ರಾವಣಿಯನ್ನು ನೋಡಿದಳು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ನೋಡಿದಳು. ಶ್ರಾವಣಿ ಬೂಟು ನೋಡಿದಳು.

ಮನೆಗೆ ಹೋಗುವಾಗ ಅಪ್ಪನ ಸೈಕಲ್ ಮುಂದೆ, ಅವಳದು ಹಿಂದೆ. ಬೇರೆ ದಿನವಾದರೆ ದಾರಿಯುದ್ದಕ್ಕೂ ಅವಳದೇ ಮಾತು. ಅವತ್ತು ಅಪ್ಪನೇ ಎರಡು ಸಲ ಚಳಿ ಆಗ್ತಿದೆಯಾ ಅಂತ ಕೇಳಿದ. ಎರಡು ಸಲವೂ ಅವಳು "ನೇ" ಅಂದಳು. ಸ್ವೀಡಿಷಿನಲ್ಲಿ ಇಲ್ಲ ಅನ್ನುವುದು ಅಷ್ಟು ಚಿಕ್ಕ ಮಾತು.

ಮಂಗಳವಾರ ಮರದ ಮನೆಯ ಬಾಗಿಲಿಗೆ ಪಟ್ಟಿ ಅಂಟಿಸಿದ್ದರು. ಒಂಬತ್ತು, ಟಿಲ್ಡಾ. ಶ್ರಾವಣಿಯ ಹೆಸರು ಕೊನೆಯಲ್ಲಿತ್ತು. ವಿಂಗ್. ವಿಂಗ್ ಅಂದರೆ ಮೈದಾನದ ಅಂಚಿನಲ್ಲಿ ನಿಲ್ಲೋದು. ಚೆಂಡು ಅಲ್ಲಿವರೆಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಜರ್ಸಿ ಹೋಗಿದ್ದು ಸಾಲದು ಅಂತ ಮಾತೂ ಹಬ್ಬಿತ್ತು. ಊಲೆ ಅನ್ನುವ ಹುಡುಗ ಮುಖ ಮುಚ್ಚಿಕೊಂಡು, ಅಯ್ಯೋ ಸ್ಕ್ರಮ್ ಬಂತು ಅಂತ ಅಣಕಿಸಿ ಓಡಿದ. ಅವನಿಗೆ ಒಂದು ಕೊಡಬಹುದಿತ್ತು. ಆದರೆ ಟಿಲ್ಡಾ ಅಣಕಿಸಲಿಲ್ಲ. ಬೇಜಾರಿನಿಂದ ಕೇಳಿದಳು.

"ಎರಡು ವರ್ಷ ಒಟ್ಟಿಗೆ ಆಡಿದ್ವಿ. ಹೆದರಿಕೆ ಆಗತ್ತೆ ಅಂತ ನಂಗ್ಯಾಕೆ ಹೇಳಲಿಲ್ಲ?"

"ನಂಗೆ ಹೆದರಿಕೆ ಇಲ್ಲ."

"ನಿಮ್ಮಪ್ಪನೇ ಹೇಳಿದ್ರಲ್ಲ. ಅಪ್ಪ ಯಾಕೆ ಸುಳ್ಳು ಹೇಳ್ತಾರೆ?"

ಶ್ರಾವಣಿ ಬಗ್ಗಿ ಬೂಟಿನ ದಾರ ಬಿಗಿದಳು. ಅನ್ನಿಕಾ ಬಂದು ಅವಳ ಹೆಗಲ ಮೇಲೆ ಕೈಯಿಟ್ಟಳು. ಹೆದರಿಕೆ ಆಗೋದು ತಪ್ಪಲ್ಲ, ಹೆದರುವವರನ್ನ ಬಲವಂತವಾಗಿ ಅಲ್ಲಿ ನಿಲ್ಲಿಸಲ್ಲ ಅಂದಳು. ಆ ಕೈ ತುಂಬಾ ಮೃದುವಾಗಿತ್ತು. ಊಲೆಯ ಅಣಕಕ್ಕಿಂತ ಅದೇ ಹೆಚ್ಚು ನೋಯಿಸಿತು.

ಸಂಜೆ ಅಮ್ಮ ಅಡುಗೆಮನೆಯಲ್ಲಿ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಅಪ್ಪ ಆಫೀಸಿನಿಂದ ಬಂದು ಇನ್ನೂ ಜಾಕೆಟ್ ತೆಗೆದಿರಲಿಲ್ಲ. ಶ್ರಾವಣಿ ಮೊದಲು ಸ್ವೀಡಿಷಿನಲ್ಲಿ ಶುರು ಮಾಡಿದಳು. ಸಾಲಲಿಲ್ಲ. ಕನ್ನಡಕ್ಕೆ ಬಂದಳು.

"ನಾನು ಯಾವತ್ತು ಹೆದರಿದೆ? ಒಂದು ದಿನ ಹೇಳು. ಒಂದೇ ಒಂದು ದಿನ."

ಅಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಪಟ್ಟಿ, ವಿಂಗ್, ಊಲೆ, ಟಿಲ್ಡಾ ಎಲ್ಲ ಕೇಳಿದ ಮೇಲೆ ಕುರ್ಚಿ ಮೇಲೆ ಕೂತ.

"ಅದು ಸುಮ್ನೆ ಹೇಳಿದ್ದಲ್ವಾ ಪುಟ್ಟಿ. ನಾಲ್ಕು ಜನರ ಮುಂದೆ ನಮ್ಮ ಮಗೂನ ನಾವೇ ಹೊಗಳೋಕಾಗತ್ತಾ? ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಗಲ್ವಾ? ನಮ್ಮ ಕಡೆ ಆಗಿದ್ರೆ ನಾನು ಹಾಗಂದ ತಕ್ಷಣ ಎಲ್ಲರೂ, ಏ ಇಲ್ಲಪ್ಪ, ನಿಮ್ಮ ಹುಡುಗಿ ಎಷ್ಟು ಚೆನ್ನಾಗಿ ಆಡ್ತಾಳೆ ಅಂತ ಶುರು ಮಾಡೋರು. ನಾನೂ ಅದಕ್ಕೇ ಕಾಯ್ತಿದ್ದೆ. ಒಬ್ಬರೂ ಬಾಯಿ ಬಿಡಲಿಲ್ಲ."

"ಇಲ್ಲಿ ಹೇಳಿದ್ದನ್ನ ನಂಬ್ತಾರೆ, ಅಪ್ಪ."

ಅಮ್ಮ ಬಾಣಲೆ ಹಿಡಿದುಕೊಂಡೇ ಬಂದು, ಇದೆಲ್ಲ ನಿಮ್ಮಮ್ಮನ ಕಡೆಯಿಂದ ಬಂದ ಬಳುವಳಿ ಅಂದಳು ಅಪ್ಪನಿಗೆ. ಅಪ್ಪ ಶಾಲೆಯಲ್ಲಿ ಫಸ್ಟ್ ಬಂದಾಗ ಅಕ್ಕಪಕ್ಕದವರೆಲ್ಲ ನೋಡೋಕೆ ಬಂದಿದ್ದರಂತೆ. ದಾವಣಗೆರೆ ಅಜ್ಜಿ ಅವರ ಮುಂದೆ, ಇವನದ್ದೇನು, ಯಾರದ್ದೋ ನೋಡಿ ಕಾಪಿ ಹೊಡೆದಿರ್ತಾನೆ ಅಂದಳಂತೆ. ಅವರು ಹೋದ ಮೇಲೆ ಉಪ್ಪು, ಮೆಣಸಿನಕಾಯಿ ತಂದು ಅವನ ತಲೆಗೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದಳಂತೆ. ಕಣ್ಣು ಬೀಳಬಾರದು ಅಂತ.

ಈ ಕತೆಯನ್ನು ಅಜ್ಜಿಯ ಬಾಯಲ್ಲೇ ಕೇಳಿ ಶ್ರಾವಣಿ ಎಷ್ಟೋ ಸಲ ನಕ್ಕಿದ್ದಳು. ಇವತ್ತು ನಗು ಬರಲಿಲ್ಲ.

"ಅಜ್ಜಿ ಹಾಗಂದಾಗ ನಿಂಗೇನೂ ಅನ್ನಿಸಲಿಲ್ವಾ?"

ಅಪ್ಪ ಜಾಕೆಟ್ಟಿನ ಜಿಪ್ ಮೇಲಕ್ಕೆಳೆದ, ಕೆಳಕ್ಕೆಳೆದ.

"ನಾನು ಕಾಪಿ ಹೊಡೆದಿರಲಿಲ್ಲ," ಅಂದ.

ಅದನ್ನು ಅವನು ಎಷ್ಟು ಮೆಲ್ಲಗೆ ಅಂದ ಅಂದರೆ, ಫಸ್ಟ್ ಬಂದ ಆ ಹುಡುಗನೇ ಇಲ್ಲೇ ಎಲ್ಲೋ ನಿಂತು ಹೇಳಿದ ಹಾಗಿತ್ತು. ಅಮ್ಮ ಬಾಣಲೆ ತಗೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತಿನ ಮೇಲೆ ಶ್ರಾವಣಿ, ಈಗ ನಾವಿಬ್ಬರೇ ಇದ್ದೀವಲ್ಲ, ಈಗ ನಿಜ ಹೇಳು ಅಂದಳು. ಯಾರು ಮೇಲು?

ತನ್ನನ್ನು ಖುಷಿ ಪಡಿಸೋಕೆ ಅಪ್ಪ ನೀನೇ ಅಂದುಬಿಡುತ್ತಾನೆ ಅಂದುಕೊಂಡಿದ್ದಳು. ಅವನು ಹಾಗನ್ನಲಿಲ್ಲ. ಯೋಚಿಸಿದ. ಟಿಲ್ಡಾಳ ಪಾಸ್ ನಿನ್ನದಕ್ಕಿಂತ ಮೂರು ಮೀಟರ್ ಉದ್ದ ಅಂದ. ನಿನ್ನ ಎಡಗೈ ಇನ್ನೂ ಕಲಿಯಬೇಕು ಅಂದ.

"ಆದ್ರೆ ಚೆಂಡು ಹೊರಗೆ ಬರೋ ಮುಂಚೆ ನೀನು ಎರಡೂ ಕಡೆ ನೋಡ್ತೀಯ. ರೋಡ್ ದಾಟೋವಾಗ ನೋಡ್ತಾರಲ್ಲ, ಹಾಗೆ. ಆ ಟೀಮಲ್ಲಿ ಬೇರೆ ಯಾರೂ ಅದನ್ನ ಮಾಡಲ್ಲ."

"ನೀನು ಯಾವಾಗ ನೋಡಿದೆ? ಪ್ರಾಕ್ಟೀಸಲ್ಲಿ ಪೇಪರ್ ಓದ್ತಿರ್ತೀಯಲ್ಲ."

"ಸ್ವೀಡಿಷ್ ಪೇಪರ್ ಒಂದು ಪುಟ ಓದೋಕೆ ನಂಗೆ ಒಂದು ವಾರ ಬೇಕು," ಅಂದ ಅಪ್ಪ. "ಅಲ್ಲಿ ಓದೋದೆಲ್ಲ ನಾಟಕ."

ಶನಿವಾರ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಕೂತಿತ್ತು. ಮಾಲ್ಮೋ ಮಕ್ಕಳ ಬಸ್ ಬಂದಾಗಿತ್ತು. ಅಪ್ಪ ಸೈಕಲ್ಲಿಗೆ ಬೀಗ ಹಾಕಿ, ನೇರವಾಗಿ ಅನ್ನಿಕಾ ಹತ್ತಿರ ಹೋದ. ಸುತ್ತ ಟೀಮಿನ ಮಕ್ಕಳೆಲ್ಲ ಇದ್ದರು. ಬರ್ಟಿಲ್, ಗುನೆಲ್ ಬೆಂಚಿನಲ್ಲಿದ್ದರು. ಅವರೆಲ್ಲ ಆ ಕಡೆ ಹೋಗಲಿ ಅಂತ ಅವನು ಕಾಯಲಿಲ್ಲ.

"ಹೋದ ವಾರ ಗುರುವಾರ ನಾನು ಹೇಳಿದ್ದು ನಿಜ ಅಲ್ಲ," ಅಂದ. "ಇವಳಿಗೆ ಹೆದರಿಕೆ ಇಲ್ಲ. ಯಾವತ್ತೂ ಇರಲಿಲ್ಲ."

ಹಾಗಾದರೆ ಯಾಕೆ ಹೇಳಿದ್ದು ಅಂತ ಅನ್ನಿಕಾ ಕೇಳಿದಳು. ಅಪ್ಪ ಸ್ವೀಡಿಷ್ ಪದಕ್ಕಾಗಿ ಹುಡುಕಿದ. ಹೊಳೆಯ ನಡುವೆ ಕಲ್ಲೇ ಇರಲಿಲ್ಲ. ಕೊನೆಗೆ, ನಮ್ಮ ಕಡೆ ಹಾಗೆ ಹೇಳೋದು ರೂಢಿ ಅಂದ. ಅವನ ಕಿವಿ ಟೊಮೆಟೊ ಥರ ಕೆಂಪಾಗಿತ್ತು. ಊಲೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

ಅನ್ನಿಕಾ ಶ್ರಾವಣಿಯ ಕಡೆ ತಿರುಗಿದಳು. "ಅವತ್ತು ನಾನು ನಿನ್ನನ್ನೇ ನೋಡಿದೆ. ನೀನೂ ಇಲ್ಲ ಅನ್ನಲಿಲ್ಲ."

"ಎಲ್ಲರ ಮುಂದೆ ಅಪ್ಪ ಹೇಳಿದ್ದನ್ನ ನಾನು ಹೇಗೆ ಇಲ್ಲ ಅನ್ನೋದು?" ಅಂದಳು ಶ್ರಾವಣಿ.

ಅನ್ನಿಕಾಗೆ ಅದು ಪೂರ್ತಿ ಅರ್ಥವಾದಂತೆ ಕಾಣಲಿಲ್ಲ. ಅವಳು ಅಪ್ಪನನ್ನು ನೋಡಿದಳು, ಮಗಳನ್ನು ನೋಡಿದಳು, ಜೇಬಿನಿಂದ ಪೆನ್ ತೆಗೆದಳು. ಮೊದಲ ಹಾಫ್ ಪಟ್ಟಿಯಲ್ಲಿ ಇದ್ದ ಹಾಗೇ ಇರಲಿ, ಎರಡನೇ ಹಾಫಿಗೆ ಜರ್ಸಿ ಬದಲಾಯಿಸಿ ಅಂದಳು. ಟಿಲ್ಡಾ ಭುಜ ಹಾರಿಸಿದಳು. ಅರ್ಧ ಮ್ಯಾಚ್ ಆಡಿದರೆ ನನಗೂ ಸಾಕಾಗಿರುತ್ತೆ ಅಂದಳು. ಅದು ಪೂರ್ತಿ ನಿಜವಲ್ಲ ಅಂತ ಶ್ರಾವಣಿಗೆ ಅನ್ನಿಸಿತು.

ಮೊದಲ ಹಾಫಿನಲ್ಲಿ ಶ್ರಾವಣಿ ಅಂಚಿನಲ್ಲಿ ನಿಂತು ಕೈ ಉಜ್ಜಿಕೊಂಡಳು. ಒಂದೇ ಒಂದು ಸಲ ಚೆಂಡು ಅವಳವರೆಗೆ ಬಂತು. ಟಿಲ್ಡಾ ಎಸೆದದ್ದು. ಅಷ್ಟು ದೂರದಿಂದ, ಎಲ್ಲರ ತಲೆ ತಪ್ಪಿಸಿ, ನೇರ ಅವಳ ಎದೆಗೆ. ಹಿಡಿದು ಓಡುವಾಗ ಅವಳಿಗೆ ಅನ್ನಿಸಿತು, ಬರ್ಟಿಲ್ ಸುಳ್ಳು ಹೇಳಿರಲಿಲ್ಲ.

ಎರಡನೇ ಹಾಫಿಗೆ ಜರ್ಸಿ ಅದಲುಬದಲಾಯಿತು. ಒಂಬತ್ತು ಇನ್ನೂ ಬೆಚ್ಚಗಿತ್ತು, ಟಿಲ್ಡಾಳ ಬೆವರಿಗೆ ಒದ್ದೆಯಾಗಿತ್ತು. ಮೊದಲ ಸ್ಕ್ರಮ್ಮಿನಲ್ಲೇ ಮಾಲ್ಮೋದ ದಪ್ಪ ಹುಡುಗಿಯೊಬ್ಬಳು ಅವಳನ್ನು ಕೆಡವಿದಳು. ಬಾಯಿಗೆ ಮಣ್ಣು ಹೋಯಿತು. ಎದ್ದಳು, ಉಗಿದಳು. ಎರಡನೇದರಲ್ಲಿ ಪಾಸ್ ಕೊಟ್ಟಳು, ಅದು ಚಿಕ್ಕದಾಯಿತು. ಮೂರನೇದರಲ್ಲಿ ಆ ಹನ್ನೆರಡು ಕಾಲಿನ ಪ್ರಾಣಿ ನರಳುತ್ತಾ ಮಿಸುಕುವಾಗ, ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಮತ್ತೆ ಎಡಕ್ಕೆ ನೋಡಿದಳು. ಮಾಲ್ಮೋದವರೆಲ್ಲ ಎಡಕ್ಕೆ ವಾಲಿದರು. ಚೆಂಡು ಬಂತು, ಬಲಕ್ಕೆ ಹೋಯ್ತು. ಊಲೆ ಅದನ್ನು ಹಿಡಿದು ಗೆರೆ ದಾಟುವವರೆಗೂ ಓಡಿದ. ಪಾಯಿಂಟ್ ಬಂತು.

ಆದರೂ ಕೊನೆಗೆ ಗೆದ್ದವರು ಮಾಲ್ಮೋದವರೇ.

ಮರದ ಮನೆಯೊಳಗೆ ಕಾಫಿ ಇಳಿಯುವ ಮೊದಲೇ ಬರ್ಟಿಲ್, ಗುನೆಲ್ ಶುರು ಮಾಡಿದ್ದರು. ಅರ್ಧ ಅರ್ಧ ಆಡಿದ್ದರಿಂದ ಈ ಸಲ ಇಬ್ಬರ ಹತ್ತಿರವೂ ಸಾಕ್ಷಿ ಇತ್ತು. ಜಗಳ ಬೇಗ ಮುಗಿಯುವ ಹಾಗಿರಲಿಲ್ಲ. ಬರ್ಟಿಲ್ ಮತ್ತೆ ಅಪ್ಪನ ಕಡೆ ತಿರುಗಿದರು. ಈಗ ಹೇಳು ಗಂಗಾಧರ, ನೋಡಿದೆಯಲ್ಲ.

ಟಿಲ್ಡಾ ನೋಡಿದಳು. ಗುನೆಲ್ ನೋಡಿದರು. ಅಪ್ಪನ ತುಟಿಯ ಮೇಲೆ 'ಛೆ' ಬಂದು ಕೂತಿದ್ದು ಶ್ರಾವಣಿಗೆ ಕಂಡಿತು. ಅವನು ಒಂದು ಗುಟುಕು ಕಾಫಿ ಕುಡಿದ. ಕಾಫಿಯ ಜೊತೆ ಅದೂ ಒಳಗೆ ಹೋಯಿತು.

"ಮೂರನೇ ಸ್ಕ್ರಮ್," ಅಂದ ಅಪ್ಪ. "ಎಡಕ್ಕೆ ನೋಡಿ ಬಲಕ್ಕೆ ಕೊಟ್ಟಳು. ನನ್ನ ಮಗಳು. ತುಂಬಾ ಚೆನ್ನಾಗಿತ್ತು."

ಅಷ್ಟೇ. ಗುನೆಲ್ ಮೇಜು ಕುಟ್ಟಿದರು. ಆದರೆ ಟಿಲ್ಡಾ ಪಾಸ್ ಇನ್ನೂ ಉದ್ದ ಅಂತ ಅಪ್ಪ ಸೇರಿಸಿದ. ಬರ್ಟಿಲ್ ಆ ತುದಿ ಹಿಡಿದುಕೊಂಡು ಹೊರಟರು, ಮತ್ತೆ ಜಗಳ ಹೊತ್ತಿಕೊಂಡಿತು.

ಬಿದ್ದ ಕೈಗವಸು ತೆಗೆದುಕೊಳ್ಳೋಕೆ ಶ್ರಾವಣಿ ಮೇಜಿನ ಕೆಳಗೆ ಬಗ್ಗಿದಳು. ಅಲ್ಲಿ ಅಪ್ಪನ ಎರಡು ಕೈ ಕಂಡವು. ಅವು ಮಡಿಲಲ್ಲಿ ಸುಮ್ಮನೆ ಇರಲಿಲ್ಲ. ಯಾರಿಗೂ ಕಾಣದ ಹಾಗೆ, ಯಾರಿಗೂ ಕೇಳದ ಹಾಗೆ, ಒಂದೊಂದೇ ಬೆರಳನ್ನು ಮಂಡಿಗೆ ಒತ್ತಿ ನೆಟಿಗೆ ಮುರಿಯುತ್ತಿದ್ದವು. ಮಗುವಿಗೆ ತಗುಲಿದ ದೃಷ್ಟಿ ತೆಗೆಯುವಾಗ ಮುರಿಯುತ್ತಾರಲ್ಲ, ಹಾಗೆ. ಕಿರುಬೆರಳು, ಉಂಗುರದ ಬೆರಳು, ನಡುಬೆರಳು.

ಮೇಲೆ ಅವನ ಧ್ವನಿ ಬರ್ಟಿಲ್ ಜೊತೆ ನಗುತ್ತಿತ್ತು.

ಶ್ರಾವಣಿ ಹತ್ತೂ ಬೆರಳು ಮುಗಿಯುವ ತನಕ ಕೆಳಗೇ ಇದ್ದಳು. ಆಮೇಲೆ ಎದ್ದು ಕೂತಳು. ನೋಡಿದೆ ಅಂತ ಹೇಳಲಿಲ್ಲ. ಅಪ್ಪನ ಪಕ್ಕಕ್ಕೆ ಸರಿದು, ತನ್ನ ಬನ್ನನ್ನು ಮುರಿದು, ದೊಡ್ಡ ತುಂಡನ್ನು ಅವನ ತಟ್ಟೆಯಲ್ಲಿಟ್ಟಳು.